ಬಟನ್ ಒತ್ತಿದರೆ ಪಾಠ ಚಿಕ್ಕದು

ನಾಲ್ಕು ಸಾಲು ಬರೆಯುವಷ್ಟರಲ್ಲಿ ಅತ್ತೆ ಮೂರು ಸಲ ಕೂಗಿದ್ದಾರೆ, ಕುಕ್ಕರ್ ಎಷ್ಟು ವಿಷಲ್ ಹಾಕಿತು ಅಂತ. ಅವರು ಕೂತಿರುವುದೇ ಕುಕ್ಕರಿನ ಪಕ್ಕದಲ್ಲಿ. ನಮ್ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಮಗಳು ಮೂರನೇ ಕ್ಲಾಸಿನಲ್ಲಿದ್ದ ವರ್ಷ ನಡೆದದ್ದಕ್ಕೆ ಆಗ ನಗು ಬಂದಿರಲಿಲ್ಲ.

೧. ಬಾವಿ

ಮಗಳದು ಇಂಗ್ಲಿಷ್ ಮೀಡಿಯಂ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಪುಸ್ತಕ ತೆರೆದರೆ ಮಾತ್ರ ಎರಡನೇ ಸಾಲಿಗೇ ಬೆವರು. "ಓದೋದು ಸರಿಹೋಗದಿದ್ರೆ ಮುಂದಿನ ವರ್ಷಾನೂ ಇದೇ ಕ್ಲಾಸು" ಎಂದಿದ್ದರು ಮಿಸ್. ನಾನು ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿ, ಜೋಗುಪಾಳ್ಯದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಓನರ್ ಮುಂದೆ ಕಣ್ಣೀರು ಹಾಕಿದೆ.

"ಅಳ್ಬೇಡಮ್ಮ. ಪಾಠ ಟೈಪ್ ಮಾಡಿ ಈ ಬಟನ್ ಒತ್ತು, ಕಂಪ್ಯೂಟರೇ ಚಿಕ್ಕದು ಮಾಡುತ್ತೆ. ಎರಡು ಪೇಜು ಐದು ಸಾಲಾಗುತ್ತೆ."

ಆಯಿತು. ಮರುದಿನದ ಪಾಠದ ಐದು ಸಾಲನ್ನು ಮಗಳು ಕೂಡಿಸಿ ಕೂಡಿಸಿ ಓದಿದಳು.

"ಹುಡುಗ ಬಾವಿಗೆ ಬಿದ್ದ. ಆಮೇಲಮ್ಮಾ?"

ಆಮೇಲೆ ಏನೂ ಇರಲಿಲ್ಲ. ಪಾಠದಲ್ಲಿ ಹಗ್ಗ ಇಳಿಬಿಟ್ಟು ಅವನನ್ನು ಮೇಲೆತ್ತಿದ ಅಜ್ಜನನ್ನು ಕಂಪ್ಯೂಟರ್ ಬೇಡದ ಸಾಮಾನು ಅಂತ ಎಸೆದಿತ್ತು. ಮಗಳು ಎರಡು ದಿನ ನಮ್ಮ ನೀರಿನ ಸಂಪಿನ ಹತ್ತಿರ ಸುಳಿಯಲಿಲ್ಲ.

೨. ಮಿಸ್

ಕ್ಲಾಸಿನಲ್ಲಿ ಮಿಸ್ ಕೇಳಿದರಂತೆ, ಆ ಹುಡುಗ ಕೊನೆಗೆ ಏನಾದ ಅಂತ. "ಇನ್ನೂ ಒಳಗೇ ಇದ್ದಾನೆ ಮಿಸ್" ಎಂದಳು ನಮ್ಮವಳು. ಪಕ್ಕದ ಹುಡುಗಿ ಅಳತೊಡಗಿದಳು, ಅವಳನ್ನು ನೋಡಿ ಇಡೀ ಬೆಂಚು. ನನಗೆ ಶಾಲೆಗೆ ಬರಲು ಕರೆ ಬಂತು.

"ಪಾಠದ ಕೊನೆ ಯಾಕೆ ಓದಿಸ್ಲಿಲ್ಲ?"

"ಕಂಪ್ಯೂಟರ್‌ಗೆ ಅದು ಮುಖ್ಯ ಅನ್ನಿಸ್ಲಿಲ್ಲ ಮಿಸ್."

"ಪರೀಕ್ಷೆ ಬರೆಯೋದು ಕಂಪ್ಯೂಟರಾ?"

"ಬರೆದಿದ್ರೆ ಅದನ್ನೂ ಇದೇ ಕ್ಲಾಸಲ್ಲಿ ಕೂರಿಸ್ತಿದ್ರಿ."

ಬಾಯಿ ಜೋರಿತ್ತು. ಮಿಸ್ ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಗೇಟು ದಾಟಿದೆ.

೩. ಕಾಗದ

ವಾರ ಕಳೆಯಿತು. ಶಾಲೆಯಿಂದ ಎರಡು ಪುಟದ ಇಂಗ್ಲಿಷ್ ಕಾಗದ ಬಂತು. ಓನರ್ ಊಟಕ್ಕೆ ಹೋಗಿದ್ದರು. ನಮ್ಮ ಕೆಲಸದಲ್ಲಿ ಕಣ್ಣು ಅಕ್ಷರ ನೋಡುತ್ತದೆ, ಬೆರಳು ಒತ್ತುತ್ತದೆ, ನಡುವೆ ಅರ್ಥಕ್ಕೆ ಬಸ್ ಸ್ಟಾಪೇ ಇಲ್ಲ. ಒಂದು ತಪ್ಪೂ ಇಲ್ಲದೆ ಎರಡು ಪುಟವನ್ನೂ ಟೈಪ್ ಮಾಡಿ ಬಟನ್ ಒತ್ತಿದೆ. ಒಂದೇ ಸಾಲು ಉಳಿಯಿತು. ಅದನ್ನು ಹೇಗೋ ಬಿಡಿಸಿ ಓದಿದೆ: ಓದಲು ಕಷ್ಟಪಡುವ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದು ನಮ್ಮ ಶಾಲೆಯ ಪದ್ಧತಿ.

ಶಾಲೆ ಬಿಟ್ಟು ಅಂಗಡಿಗೆ ಬಂದ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಯಾಕೆಂದು ತಿಳಿಯದಿದ್ದರೂ ಜೊತೆಗಿರಲಿ ಅಂತ ಅವಳೂ ಅತ್ತಳು. ಓನರ್ ಬಂದವರೇ ಕಾಗದ ತೆಗೆದುಕೊಂಡು ಓದಿದರು.

"ಮುಂದಿನ ಸಾಲು ನೋಡಮ್ಮ! ಈ ವರ್ಷದಿಂದ ಆ ಪದ್ಧತಿ ನಿಲ್ಲಿಸಿದ್ದೀವಿ, ಇಂಥ ಮಕ್ಕಳಿಗೆ ಬಾಯಲ್ಲೇ ಪರೀಕ್ಷೆ ಅಂತಿದೆ. ಹಗ್ಗದ ಅಜ್ಜನನ್ನ ಮತ್ತೆ ಎಸೆದಿದೆ ನಿನ್ನ ಕಂಪ್ಯೂಟರ್! ಅಲ್ಲಾ, ಈ ಸಾಲನ್ನೂ ನೀನೇ ತಾನೇ ಟೈಪ್ ಮಾಡಿದ್ದು?"

ನಾನು ಮೂಗು ಒರೆಸಿಕೊಂಡೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಾ, ನಿಂಗೂ ಓದಕ್ಕೆ ಬರಲ್ವಲ್ಲ, ನಿನ್ನ ಹೇಗೆ ಹತ್ತನೇ ಕ್ಲಾಸ್‌ವರೆಗೂ ಬಿಟ್ರು?"