ಮುಯ್ಯಿ ತೀರಿಸುವ ಅತ್ತೆ

ನೀವು ಯಾರಿಗಾದರೂ ಹೆದರಲೇಬೇಕು ಅಂತಿದ್ದರೆ ನಮ್ಮ ಸೋದರತ್ತೆಗೆ ಹೆದರಿ. ಅವರು ಬಯ್ಯುವುದಿಲ್ಲ, ಕೈ ಎತ್ತುವುದಿಲ್ಲ, ಶಾಪ ಹಾಕುವುದಂತೂ ಇಲ್ಲವೇ ಇಲ್ಲ. ಸಹಾಯ ಮಾಡುತ್ತಾರೆ! ಒಮ್ಮೆ ಅವರ ಕೈಯಲ್ಲಿ ಸಹಾಯ ಮಾಡಿಸಿಕೊಂಡವರು ಭಾನುವಾರ ಎಂದರೆ ಏನೆಂಬುದನ್ನೇ ಮರೆತುಬಿಡುತ್ತಾರೆ. ನಾನು ಮರೆತು ಬಹಳ ಕಾಲವಾಯಿತು.

ಎಲ್ಲಕ್ಕೂ ಕಾರಣ ಮುಯ್ಯಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳ ಕಡೆ ಇವತ್ತು ನೀವು ನನ್ನ ಗದ್ದೆಯ ನಾಟಿಗೆ ಬಂದರೆ ನಾಳೆ ನಾನು ನಿಮ್ಮ ಹೊಲದ ಕಳೆಗೆ ಬರಬೇಕು. ಕೂಲಿಯಿಲ್ಲ, ಆಳಿಗೆ ಆಳು. ಅದೇ ಮುಯ್ಯಿ. ಹೊಲಗದ್ದೆ ಇರುವವರಿಗೆ ಇದು ಚೆಂದದ ಪದ್ಧತಿಯೇ. ಆದರೆ ನಮ್ಮತ್ತೆ ಹೊಲ ಬಿಟ್ಟು ಯಾವ ಕಾಲವಾಯಿತು! ಪೀಣ್ಯದಲ್ಲಿ ನಟ್ಟು ಬೋಲ್ಟು ಮಾಡುವ ಫ್ಯಾಕ್ಟರಿಯೊಂದರಲ್ಲಿ ಹೆಲ್ಪರ್ ಆಗಿ ದುಡಿದು, ರಾಜಕಾಲುವೆ ಪಕ್ಕದ ಗುಡಿಸಲಿನಲ್ಲಿ ಬಾಳಿ, ಗುಡಿಸಲುಗಳನ್ನು ಎತ್ತಂಗಡಿ ಮಾಡಿದ ಮೇಲೆ ಸ್ಲಂ ಬೋರ್ಡಿನವರು ಕಟ್ಟಿಕೊಟ್ಟ ಮನೆಗಳ ಮೂರನೇ ಮಹಡಿಗೆ ಬಂದು ಬಿದ್ದವರು. ಬರುವಾಗ ಹೊಲ ತರಲಾಗಲಿಲ್ಲ, ಮುಯ್ಯಿಯನ್ನು ಮಾತ್ರ ತಂದುಬಿಟ್ಟರು.

ಒಂದು ದಿನ ಜಾಲಹಳ್ಳಿಯ ನಮ್ಮ ಮನೆಗೆ ಬಂದರು. ಬಂದವರು ಕಾಫಿ ಕುಡಿದು ಹೋಗಬಾರದೆ? ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಟ್ಟದ ಸಾಮಾನೆಲ್ಲ ಕೆಳಗಿಳಿದಿತ್ತು, ಜೇಡರ ಬಲೆ ಮಾಯವಾಗಿತ್ತು, ನನ್ನ ಹೆಂಡತಿ ಕಳೆದುಹೋಯಿತೆಂದು ಕೈಬಿಟ್ಟಿದ್ದ ಇಡ್ಲಿ ಪಾತ್ರೆ ಪಳಪಳ ಹೊಳೆಯುತ್ತಿತ್ತು.

"ಇದನ್ನೆಲ್ಲ ಯಾರು ಮಾಡು ಅಂದ್ರು ಅತ್ತೆ?"

"ಯಾರೂ ಅನ್ನಿಲ್ಲ ಕಣಪ್ಪ. ಬರೋ ಭಾನ್ವಾರ ಬಂದ್ಬುಡು."

"ಎಲ್ಲಿಗೆ?"

"ಮುಯ್ಯಿಗೆ."

ಆ ಭಾನುವಾರ ನಾನು, ಇನ್ಶೂರೆನ್ಸ್ ಕಂಪನಿಯ ಅಸಿಸ್ಟೆಂಟ್ ಮ್ಯಾನೇಜರ್, ಪ್ಯಾಂಟು ಮಡಚಿಕೊಂಡು ಸಲಿಕೆ ಹಿಡಿದು ಅವರ ಬಡಾವಣೆಯ ಕಸದ ರಾಶಿಯ ಮುಂದೆ ನಿಂತಿದ್ದೆ. ಮೇಲೊಂದು ಹದ್ದು ಸುತ್ತುತ್ತಿತ್ತು. ನನ್ನನ್ನು ನೋಡಿಯೇ ಸುತ್ತುತ್ತಿತ್ತೆಂದು ನನ್ನ ಅನುಮಾನ.

ಆಗ ಆ ಬಡಾವಣೆ ಹೇಗಿತ್ತೆಂದರೆ, ಆಟೋದವರು ಹೆಸರು ಕೇಳಿದೊಡನೆ ಮೀಟರ್ ಹಾಕುತ್ತಿರಲಿಲ್ಲ, ತಲೆ ಅಲ್ಲಾಡಿಸುತ್ತಿದ್ದರು. ಮೆಟ್ಟಿಲಿಗೆ ದೀಪವಿಲ್ಲ, ಮೋರಿಗೆ ಹರಿಯುವ ಮನಸ್ಸಿಲ್ಲ. ಒಂದೊಂದು ಕಡೆಯ ಗುಡಿಸಲುಗಳಿಂದ ಎತ್ತಿ ತಂದು ಸೇರಿಸಿದ ಜನ. ಒಬ್ಬರದು ತಮಿಳು, ಒಬ್ಬರದು ತೆಲುಗು, ಇನ್ನೊಬ್ಬರದು ಉರ್ದು, ಮತ್ತೊಬ್ಬರದು ಕಲಬುರಗಿ ಕನ್ನಡ. ಎಲ್ಲರೂ ಬಾಗಿಲು ಹಾಕಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಬೋರ್ಡಿನವರನ್ನು ಬಯ್ಯುತ್ತಿದ್ದರು.

ಅತ್ತೆ ಆ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದರು. ಎರಡನೇ ಮಹಡಿಯಲ್ಲಿ ವೈರಿಂಗ್ ಕೆಲಸದವನೊಬ್ಬನಿದ್ದ. ಅವನ ತಾಯಿಗೆ ಮಂಡಿನೋವು. ಅತ್ತೆ ಹೋಗಿ ಬಿಸಿ ಎಣ್ಣೆ ಹಾಕಿ ತಿಕ್ಕಿದರು. ತಾಯಿಗೆ ಸುಖನಿದ್ರೆ ಬಂತು, ಮಗನ ನಿದ್ದೆ ಹಾರಿಹೋಯಿತು! ಅದೇ ವಾರ ಎಲ್ಲ ಮೆಟ್ಟಿಲುಗಳಿಗೂ ದೀಪ ಬಂತು.

ಎದುರು ಮನೆಯ ತಮಿಳಿನ ಹೆಂಗಸಿನದು ಬೇರೆಯೇ ಕಥೆ. ಆಕೆಯ ಮಗಳಿಗೆ ಜ್ವರ ಬಂದಾಗ ಅತ್ತೆ ಗಂಜಿ ಕಾಯಿಸಿ ಕೊಟ್ಟು, ಆಮೇಲೆ "ಮುಯ್ಯಿ" ಅಂದರಂತೆ. ಆಕೆಗೆ ತಕ್ಷಣ ಅರ್ಥವಾಗಿಹೋಯಿತು. ಅವರಲ್ಲಿ ಮದುವೆಮನೆಯಲ್ಲಿ ಕವರಿನಲ್ಲಿ ದುಡ್ಡಿಡುವುದಕ್ಕೆ ಮೊಯ್ ಅನ್ನುತ್ತಾರೆ. ಅರಿಶಿನ ಕುಂಕುಮ ಹಚ್ಚಿದ ಕವರು ತಂದು ನಿಂತರು. ಅತ್ತೆಗೆ ಬೇಜಾರಾಯಿತು. "ಕಾಸ್ ಕೊಟ್ಟು ತಪ್ಪಿಸ್ಕಳಂಗಿಲ್ಲ ಕಣಕ್ಕಾ. ಕೈ ನೀಡು" ಅಂದರು. ಆಕೆ ಸಂಕೋಚದಿಂದ ಕೈ ನೀಡಿದರು. ಅತ್ತೆ ಆ ಕೈಗೆ ಪೊರಕೆ ಕೊಟ್ಟರು. ಈಗ ಇಬ್ಬರೂ ಜೀವದ ಗೆಳತಿಯರು.

ಇಷ್ಟೆಲ್ಲ ಆದರೂ ಅತ್ತೆಗೆ ಸಮಾಧಾನವಿರಲಿಲ್ಲ. ಆ ಬಡಾವಣೆಯ ಹೆಂಗಸರು ಮುಕ್ಕಾಲು ಪಾಲು ಗಾರ್ಮೆಂಟ್ಸ್‌ಗೆ ಹೋಗುವವರು. ಮನೆಯಲ್ಲಿ ಹಿರಿಯರಿಲ್ಲದವರು ಕೂಸುಗಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಬೇರೆ ದಾರಿಯಿರಲಿಲ್ಲ. ನಾನು ಮೆಟ್ಟಿಲು ಹತ್ತುವಾಗ ಬೀಗ ಬಿದ್ದ ಬಾಗಿಲಿನ ಹಿಂದೆ ಮಗು ಅಳುವುದನ್ನು ಕೇಳಿದ್ದೇನೆ. ಕೆಳಗೆ ನೋಡಿದರೆ ದೊಡ್ಡದೊಂದು ಸಮುದಾಯ ಭವನ ಖಾಲಿ ಬಿದ್ದಿತ್ತು. ಉದ್ಘಾಟನೆಯ ದಿನ ಟೇಪು ಕತ್ತರಿಸಿ, ಲಾಡು ಹಂಚಿ, ಬೀಗ ಹಾಕಿಕೊಂಡು ಹೋದವರು ಮತ್ತೆ ತೆರೆದಿರಲಿಲ್ಲ. ಅದನ್ನು ಮಕ್ಕಳಿಗೆ ಕೊಡಿಸಬೇಕೆಂದು ಅತ್ತೆ ಹಟ ಹಿಡಿದರು. ಅಷ್ಟರಲ್ಲಿ ಅದನ್ನು ಯಾರಿಗೋ ಗೋಡೌನ್ ಮಾಡಿಕೊಳ್ಳಲು ಬಾಡಿಗೆಗೆ ಕೊಡುತ್ತಾರೆಂಬ ಸುದ್ದಿ ಬಂತು.

ಸುದ್ದಿಯ ಹಿಂದೆಯೇ ಬೋರ್ಡಿನ ಒಬ್ಬ ಎಳೆಯ ಎಂಜಿನಿಯರೂ ಬಂದರು. "ಅಮ್ಮಾ, ಇದು ಯೂಸ್ ಆಗ್ತಿಲ್ಲ ಅಂತ್ಲೇ ನಾನು ಬರೀಬೇಕಾಗುತ್ತೆ. ಬೀಗ ನೋಡಿ, ತುಕ್ಕು ಹಿಡಿದಿದೆ" ಅಂದರು.

"ಬೀಗ ನೀವೇ ಆಕಿದ್ದು ಸ್ವಾಮಿ. ತೆಗೀರಿ, ಯೂಸ್ ಮಾಡ್ತೀವಿ."

ಅವರು ಒಳ್ಳೆಯ ಮನುಷ್ಯ. ಬೀಗ ತೆಗೆಸಿ, "ಮುಂದಿನ ವಾರ ಬರ್ತೀನಿ, ಅಷ್ಟರಲ್ಲಿ ಏನಾದ್ರೂ ಮಾಡ್ಕೊಳ್ಳಿ" ಅಂದರು. ಅತ್ತೆಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದಾಗ ಅವರ ಮುಖ ಸ್ವಲ್ಪ ಭಯಂಕರವಾಗಿಯೇ ಕಾಣುತ್ತದೆ. ಎಂಜಿನಿಯರ ಹತ್ತಿರ ಹೋಗಿ ಹೇಳಿದರು: "ನಿಮ್ ಮುಯ್ಯಿ ತೀರಿಸ್ದೆ ನಾನ್ ಬುಡಾಕಿಲ್ಲ. ಮನೆ ಎಲ್ಲೈತೆ? ಎಷ್ಟೊತ್ಗೆ ಇರ್ತೀರಿ? ಮನೇಲಿ ಯಾರ್ಯಾರವ್ರೆ?"

ಹಿಂದೆ ಪೊರಕೆ, ಸಲಿಕೆ, ಹಾರೆ ಹಿಡಿದು ನಿಂತಿದ್ದ ಹೆಂಗಸರು "ನಾವೂ ಬತ್ತೀವಿ" ಅಂದರು.

ಆ ಎಂಜಿನಿಯರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಮುಯ್ಯಿ ಎಂಬ ಮಾತನ್ನು ಅವರು ಕೇಳಿದ್ದು ಸಿನಿಮಾದ ಖಳನಾಯಕರ ಬಾಯಲ್ಲಿ ಮಾತ್ರ. ಮುಯ್ಯಿ ತೀರಿಸುವುದೇ ಬೇರೆ, ತೀರಿಸಿಕೊಳ್ಳುವುದೇ ಬೇರೆ ಅಂತ ಪಾಪ ಅವರಿಗೆ ಯಾರು ಹೇಳಬೇಕು? ಹೆಲ್ಮೆಟ್ಟನ್ನೂ ಮರೆತು ಬೈಕ್ ಏರಿ ಹೊರಟುಹೋದರು.

ಆ ಒಂದು ವಾರ ನಾನು ನೋಡಿದ್ದನ್ನು ಹೆಮ್ಮೆಯಿಂದ ಹೇಳುತ್ತೇನೆ. ಶಿಫ್ಟ್ ಮುಗಿಸಿ ಬಂದವರು ಮನೆಗೆ ಹೋಗದೆ ಭವನಕ್ಕೆ ಬಂದರು. ಗಾರೆಯವನು ನೆಲ ಮಾಡಿದ, ಪೇಂಟರ್ ಕೆಲಸದ ಕಡೆ ಉಳಿದ ಬಣ್ಣ ತಂದು ಬಳಿದ. ಹೀಗಾಗಿ ಗೋಡೆಗೊಂದು ಬಣ್ಣವಾಯಿತು. ಗಾರ್ಮೆಂಟ್ಸ್ ಹೆಂಗಸರು ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿದರು. ಯಾರೂ ಹೊರಗಿನಿಂದ ಬಂದು ಮಾಡಿಕೊಟ್ಟದ್ದಲ್ಲ. ಆಟೋದವರು ಯಾವ ಬಡಾವಣೆಯ ಹೆಸರಿಗೆ ತಲೆ ಅಲ್ಲಾಡಿಸುತ್ತಿದ್ದರೋ, ಅದೇ ಬಡಾವಣೆಯ ಜನ ಮಾಡಿದ್ದು.

ವಾರ ಕಳೆದು ಎಂಜಿನಿಯರು ಬಂದರು, ಜೊತೆಗೊಬ್ಬ ಪೊಲೀಸ್ ಕಾನ್‌ಸ್ಟೇಬಲನ್ನು ಕರೆದುಕೊಂಡು! ಕಾನ್‌ಸ್ಟೇಬಲ್ ಗಂಭೀರವಾಗಿ, "ಏನಮ್ಮಾ, ಸಾಹೇಬ್ರ ಮನೆಗೆ ನುಗ್ತೀನಿ ಅಂದ್ಯಂತೆ?" ಎಂದು ಕೇಳಿದರು.

"ಊಂ ಕಣಣ್ಣಾ. ಮುಯ್ಯಿ ಉಳಿಸ್ಕಂಡ್ರೆ ಅನ್ನ ಇಳೀತದಾ?"

ಕಾನ್‌ಸ್ಟೇಬಲ್ ಮದ್ದೂರಿನ ಕಡೆಯವರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಗುವುದಕ್ಕೆ ಶುರುಮಾಡಿದರು. "ಸಾರ್, ನಿಮ್ಮನೆ ಕೆಲ್ಸಕ್ಕೆ ಬರ್ತೀವಿ ಅಂತಾವ್ರೆ ಸಾರ್. ಇದ್ಕೆ ಯಾವ ಸೆಕ್ಷನ್ನೂ ಇಲ್ಲ." ಎಂಜಿನಿಯರು ಕೌದಿಯ ಮೇಲೆ ಕುಸಿದು ಕೂತು ಒಂದು ಚೊಂಬು ಮಜ್ಜಿಗೆ ಕುಡಿದರು. ಆಮೇಲೆ ಭವನ ಬಳಕೆಯಲ್ಲಿದೆ, ಬಡಾವಣೆಯವರಿಗೇ ಬಿಡಬಹುದು ಅಂತ ಬರೆದುಕೊಂಡು ಹೋದರು. ಬೋರ್ಡು ಒಪ್ಪಿತು.

ಅತ್ತೆ ಬಿಟ್ಟಾರೆಯೇ? ಹೆಂಗಸರನ್ನು ಕಟ್ಟಿಕೊಂಡು ಮೆಟ್ರೋ ಹತ್ತಿ ಊರಿನ ಆ ತುದಿಗೆ, ಬ್ರೂಕ್‌ಫೀಲ್ಡಿನ ಎಂಜಿನಿಯರ ಅಪಾರ್ಟ್‌ಮೆಂಟಿಗೆ ಹೋಗಿ, ವರ್ಷಕ್ಕಾಗುವಷ್ಟು ಹುಣಸೆಹಣ್ಣು ಬಿಡಿಸಿಕೊಟ್ಟು ಬಂದರು. ಕೆಲಸ ಸ್ವಲ್ಪ ಹೆಚ್ಚಾಯಿತಂತೆ. ಹೆಚ್ಚಾದದ್ದು ವಾಪಸು ಬರಬೇಕಲ್ಲ! ಮುಂದಿನ ಭಾನುವಾರ ಎಂಜಿನಿಯರು ನನ್ನ ಪಕ್ಕದಲ್ಲಿ ನಿಂತು ಮೋರಿಯ ಹೂಳು ಎತ್ತುತ್ತಿದ್ದರು.

ಭವನದಲ್ಲಿ ಮಕ್ಕಳನ್ನು ಬಿಡುವುದು ಶುರುವಾದ ದಿನ ನಾನು ರಜೆ ಹಾಕಿ ಹೋಗಿದ್ದೆ. ತಾಯಂದಿರು ಕೂಸುಗಳನ್ನು ಇಳಿಸಿ, ಟಿಫನ್ ಬಾಕ್ಸ್ ಹಿಡಿದು ಫ್ಯಾಕ್ಟರಿ ವ್ಯಾನಿಗೆ ಓಡುತ್ತಿದ್ದರು. ಅತ್ತೆಯ ಸೊಂಟದಲ್ಲೊಂದು, ಮಡಿಲಲ್ಲೊಂದು ಮಗು. ನಾನು ರೇಗಿಸಿದೆ: "ಈಗ ಇಡೀ ಬಡಾವಣೆಯೇ ನಿಮ್ಮ ಮುಯ್ಯಾಳು. ಯಾರದ್ದಾದ್ರೂ ಬಾಕಿ ಇದೆಯಾ ಅತ್ತೆ?"

"ಒಬ್ಳದೈತೆ" ಅಂದರು.

ಮಗುವಿನ ಮೂಗು ಒರೆಸುತ್ತಲೇ ಹೇಳಿದರು. "ನಾನ್ ಫ್ಯಾಕ್ಟ್ರಿಗೆ ಓಗೋವಾಗ ನನ್ ಮಗೀನ ಪಕ್ಕದ್ ಗುಡ್ಸಲೋಳು ನೋಡ್ಕತಿದ್ಲು. ತನ್ ಮಕ್ಕಳ್ ಜೊತೇಲೇ ಉಣ್ಣಿಸಿ, ತಲೆ ಬಾಚಿ ಮಲಗುಸ್ತಿದ್ಲು. ನಾನ್ ಸುಸ್ತಾಗಿ ಬಂದು ಎತ್ಕಂಡೋಗ್ಬುಡ್ತಿದ್ದೆ. ಗುಡ್ಸಲು ಕಿತ್ತಾಗ ಅವ್ಳಿಗೆ ಇಲ್ಲಿ ಮನೆ ಸಿಗ್ನಿಲ್ಲ. ಎಲ್ಲಿಗೋದ್ಲೋ. ಉಡುಕಾಣ ಅಂದ್ರೆ ಏನಂತ ಕೇಳ್ಲಿ? ಅಕ್ಕಾ ಅಂತಿದ್ದೆ, ಅಷ್ಟೆಯ. ಎಸ್ರೇ ಕೇಳಿರ್ನಿಲ್ಲ ಕಣಪ್ಪ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮಗುವನ್ನು ಕೌದಿಯ ಮೇಲೆ ಕೂರಿಸಿ ಬಾಗಿಲ ಕಡೆ ಓಡಿದಳು.

"ನಿಂತ್ಕಳವ್ವಾ" ಅಂದರು ಅತ್ತೆ.

"ಲೇಟಾಯ್ತು, ವ್ಯಾನ್ ಹೋಗ್ಬಿಡುತ್ತೆ ಅಕ್ಕಾ."

"ಓದ್ರೆ ಓಗ್ಲಿ. ನಿನ್ನೆಸ್ರು ಏಳೋಗು."

ಅವಳು ಹೊಸ್ತಿಲ ಮೇಲೆ ನಿಂತು, ತಿರುಗಿ ಹೆಸರು ಹೇಳಿದಳು. ಅತ್ತೆ ಅದನ್ನು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು, ಆಮೇಲೆ ಮಗುವನ್ನು ಎತ್ತಿಕೊಂಡರು.