ಮಟಮಟ ಮಧ್ಯಾಹ್ನ ದಿವಾಳಿಯಾದದ್ದು

ದಿವಾಳಿ ಎದ್ದವನು ಏನು ಮಾಡಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಮಾನ್ವಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಸಾಹುಕಾರ ಶರಣಪ್ಪನವರಿಗೆ ನಾನೂರು, ಫಿಲ್ಮು ಕೊಡುತ್ತಿದ್ದ ರಜಾಕ್ ಸಾಬರಿಗೆ ಇನ್ನೂರು ಬಾಕಿ. ಸೋಮವಾರ ಹಣ ಕೊಡದಿದ್ದರೆ ಕ್ಯಾಮೆರಾ ಒಯ್ಯುತ್ತೇನೆಂದು ಸಾಹುಕಾರರು ಹೇಳಿ ಹೋಗಿದ್ದರು. ಕ್ಯಾಮೆರಾ ಹೋದರೆ ನಮ್ಮ ಒಲೆ ಹೊತ್ತುವುದಿಲ್ಲ.

ಅಕ್ಕಿ ಗಿರಣಿಯ ಮುದುಕ ಗುಮಾಸ್ತರು ಉಪಾಯ ಹೇಳಿದರು. "ಹಿಂದಕ ವ್ಯಾಪಾರಸ್ಥರು ದಿವಾಳಿ ಎದ್ರ ಹಾಡೇ ಹಗಲು ಅಂಗಡ್ಯಾಗ ದೀಪ ಹಚ್ಚಿಡ್ತಿದ್ರು. ಅದನ್ನ ನೋಡಿದ ಮ್ಯಾಲ ಸಾಲ ಕೊಟ್ಟಾವ್ರು ಬಾಯಿ ತೆಗೀತಿದ್ದಿಲ್ಲ."

"ರಾಯಚೂರಿಗೆ ಹೋಗಿ ವಕೀಲರನ್ನ ಒಂದ್ ಮಾತು ಕೇಳ್ರಿ" ಎಂದಳು ಹೆಂಡತಿ ನೀಲಮ್ಮ.

"ದೀಪ ಹಚ್ಚಾಕ ವಕೀಲ ಯಾಕ ಬೇಕು?" ಎಂದೆ ನಾನು.

ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಿದೆ. ಬಾಗಿಲಲ್ಲಿ ಗಾಳಿ. ಒಳಗೆ, ಜಾಹೀರಾತಿಗೆಂದು ತೂಗುಹಾಕಿದ್ದ ನನ್ನದೇ ದೊಡ್ಡ ಫೋಟೋದ ಕೆಳಗೆ ಇಟ್ಟೆ. ಆಮೇಲೆ ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಹೋಗಿ, ಕೆಂಪು ಬಲ್ಬು ಹಚ್ಚಿ, ಕಾನೂನು ತನ್ನ ಕೆಲಸ ತಾನು ಮಾಡಲಿ ಎಂದು ಕುಳಿತೆ.

ಸ್ವಲ್ಪ ಹೊತ್ತಿಗೆ ಹೊರಗೆ ಪಿಸುಮಾತು ಕೇಳಿಸಿತು.

"ಯಪ್ಪಾ, ನಿನ್ನಿ ಚಹಾ ಕುಡ್ಯಾಕ ಬಂದಿದ್ದ."

"ಹೆಂಗ ಆತಂತ?"

"ದೀಪ ಹಚ್ಯಾರ. ಹೆಣ ಊರಿಗೆ ಒಯ್ದಾರ ಕಾಣ್ತದ."

ಯಾರೋ ಫೋಟೋಕ್ಕೆ ಹಾರ ಹಾಕಿದ್ದು ಅವರ ಮಾತಿನಿಂದ ತಿಳಿಯಿತು. ಕೈ ನೋಡಿಕೊಂಡೆ, ಕೆಂಪು ಬೆಳಕಿನಲ್ಲಿ ಅದು ನನ್ನ ಕೈಯಂತೆ ಕಾಣಲಿಲ್ಲ. ನಾಡಿ ಹಿಡಿದೆ, ಸಿಗಲಿಲ್ಲ. ಸಾಯುವುದು ಇಷ್ಟು ಸಲೀಸೇ ಎಂದು ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ರಜಾಕ್ ಸಾಬರ ದನಿ. "ಇನ್ನೂರು ಕೊಡೋದಿತ್ತು. ಹೋಗ್ಲಿ ಬಿಡ್ರಿ, ಮಾಫ್ ಮಾಡೀನಿ." ಹಿಂದೆಯೇ ಕಾಗದ ಸುಟ್ಟ ವಾಸನೆ. ಸಾಲದ ಚೀಟಿಯನ್ನು ನನ್ನ ದೀಪಕ್ಕೇ ಹಿಡಿದಿದ್ದರು!

ಅವರ ಒಳ್ಳೆಯತನಕ್ಕೆ ಕೃತಜ್ಞತೆ ಹೇಳಲು ಬಾಗಿಲು ತೆರೆದೆ. ಅದೊಂದು ತಪ್ಪಾಯಿತು. ಬೆನ್ನಿಗೆ ಕೆಂಪು ಬೆಳಕು ಹೊತ್ತು ಬಂದ ನನ್ನನ್ನು ನೋಡಿ ಜನ ಚಪ್ಪಲಿ ಬಿಟ್ಟು ಓಡಿದರು. ರಜಾಕ್ ಸಾಬರು ಮಾತ್ರ ಗೋಡೆಗೆ ಅಂಟಿ ನಿಂತು, "ಕೊಟ್ಟ ಮಾತು ವಾಪಸ್ ತಗೊಳ್ಳಲ್ಲಪ, ನೀ ಹೋಗು" ಎಂದು ಕೈ ಮುಗಿದರು.

ಮರುದಿನ ಬಸ್ಸು ಹಿಡಿದು ರಾಯಚೂರಿಗೆ ಹೋದೆ.

"ದೀಪ ಯಾವ ಕಾಯ್ದೆದಾಗ ಅದ?" ಎಂದರು ವಕೀಲರು. "ಕೋರ್ಟಿಗೆ ಅರ್ಜಿ ಹಾಕಬೇಕು. ಸಾಲ ಎಷ್ಟು, ಆಸ್ತಿ ಎಷ್ಟು, ಒಂದೂ ಮುಚ್ಚಿಡದ ಬರೀಬೇಕು. ಉಟ್ಟ ಬಟ್ಟಿ, ಅಡಗಿ ಪಾತ್ರಿ, ಕಸುಬಿನ ಸಾಮಾನು ಬಿಡ್ತಾರ."

"ಹಂಗಾರ ನನ್ನ ಕ್ಯಾಮೆರಾ ಉಳೀತದ್ರಿ?"

"ಕೇಳಿ ನೋಡೂಣು. ಆದ್ರ ಸಾಲ ಕಡಿಮಿ ಅಂದ್ರ ಐನೂರರೆ ಇರಬೇಕು. ನಿಮ್ದೆಷ್ಟು?"

"ನಿನ್ನಿ ತನಕ ಆರನೂರು ಇತ್ರಿ. ಈಗ ನಾನೂರು."

ವಕೀಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮಾನ್ಯ ನ್ಯಾಯಾಲಯದ ಮುಂದೆ ದಿವಾಳಿಯಾಗುವ ಯೋಗ್ಯತೆಯನ್ನೂ ನಾನು ಕಳೆದುಕೊಂಡಿದ್ದೆ.

ಸೋಮವಾರ ಸಾಹುಕಾರರು ಬಂದರು. ಕ್ಯಾಮೆರಾದ ಕಣ್ಣು ಅವರತ್ತಲೇ ತಿರುಗಿತ್ತು. ನಾನು ಸತ್ತು ಎದ್ದು ಬಂದ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅದು ನಮ್ಮ ಮನೀಗೆ ಬ್ಯಾಡ. ತಿಂಗ್ಳಾ ಇಪ್ಪತ್ತು ಕೊಡು ಸಾಕು."

ಹೀಗೆ ಕ್ಯಾಮೆರಾ ಉಳಿಯಿತು. ಅದರ ಮುಂದೆ ಕೂರುವವರು ಉಳಿಯಲಿಲ್ಲ. ಬದುಕಿದ್ದವರು ನನ್ನ ಸ್ಟುಡಿಯೋ ಮುಂದೆ ಹಾಯುವಾಗ ಮುಖ ಮುಚ್ಚಿಕೊಳ್ಳುತ್ತಿದ್ದರು. ಸತ್ತವರ ಕೊನೆಯ ಫೋಟೋಕ್ಕೆ ಮಾತ್ರ ಕರೆ ಬರತೊಡಗಿತು.

"ಇವ್ರರೆ ಅಲುಗಾಡೂದಿಲ್ಲ" ಎಂದು ನೀಲಮ್ಮ ಸಮಾಧಾನ ಹೇಳಿದಳು.

ಒಮ್ಮೆ ದೇವದುರ್ಗದಲ್ಲಿ, ಕುರ್ಚಿಯಲ್ಲಿ ಕೂರಿಸಿದ್ದ ಅಜ್ಜಿಯ ಫೋಟೋ ತೆಗೆದು ಹೊರಟಾಗ ಆಕೆಯ ಗಂಡ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ನೀ ಹೋಗಿ ಬಂದಾವ ಅಂತ. ಅಲ್ಲಿ ಹೆಂಗದಪ?"

ಇಲ್ಲ ಅನ್ನಲು ಮನಸ್ಸಾಗಲಿಲ್ಲ.

"ಚಲೋ ಅದ ಯಪ್ಪಾ. ಬೆಳಕು ಸ್ವಲ್ಪ ಕಡಿಮಿ" ಎಂದೆ.

ಮುದುಕ ನಿಟ್ಟುಸಿರು ಬಿಟ್ಟು, ಎರಡು ರೂಪಾಯಿ ಹೆಚ್ಚಿಗೆ ಕೊಟ್ಟ. ನಾನು ಬದುಕಿದ್ದಾಗ ಯಾರೂ ಹಾಗೆ ಕೊಟ್ಟಿರಲಿಲ್ಲ.