ಎಣ್ಣೆ ಕೊಳವೆಯ ನೀರುನಾಯಿ

"ಗ್ಯಾಲನ್ನಿಗೆ ಮೂರು ಡಾಲರಿನ ಮೇಲೆ ಒಂದೇ ಒಂದು ಸೆಂಟು ಹೆಚ್ಚಾದರೂ ಈ ಮನೆಯೊಳಗೆ ಒಂದು ಹನಿ ಎಣ್ಣೆ ಇಳಿಯೋದಿಲ್ಲ" ಎಂದು ಆರಿನ್ ಟಿಬೆಟ್ಸ್ ಡಿಸೆಂಬರ್ ಒಂದನೇ ತಾರೀಖು ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ. ಕೇಳಿಸಿಕೊಂಡವರು ಇಬ್ಬರು: ಹೆಂಡತಿ ಗ್ಲೆನಿಸ್ ಮತ್ತು ಬಾಣಲೆಯಲ್ಲಿದ್ದ ಮೊಟ್ಟೆ. ಮೊಟ್ಟೆ ಒಂದಿಷ್ಟು ಚಟಪಟ ಎಂದಿತು. ಗ್ಲೆನಿಸ್ ಅಷ್ಟನ್ನೂ ಅನ್ನಲಿಲ್ಲ.

ಅಮೆರಿಕದ ಮೇನ್ ರಾಜ್ಯದ ಆ ಮೂಲೆಯ ಊರಿನಲ್ಲಿ ಚಳಿಗಾಲವೆಂದರೆ ಎಣ್ಣೆಗಾಲ. ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಎಮ್ಮೆ ಗಾತ್ರದ ಎಣ್ಣೆ ಟ್ಯಾಂಕು, ಅದರ ಪಕ್ಕದಲ್ಲಿ ಆ ಎಣ್ಣೆ ಕುಡಿದು ಮನೆಯನ್ನು ಬೆಚ್ಚಗಿಡುವ ಬಾಯ್ಲರು. ಇಬ್ಬರು ಎದುರಾದರೆ "ಎಷ್ಟಕ್ಕೆ ಹಾಕಿಸಿದೆ?" ಎಂದು ಮೊದಲು ಕೇಳುತ್ತಾರೆ, "ಹೇಗಿದ್ದೀಯ?" ಅನ್ನುವುದು ಆಮೇಲೆ.

ಆರಿನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಗದರಲು ಈಗ ಮಕ್ಕಳಿರಲಿಲ್ಲವಾದ್ದರಿಂದ ಎಣ್ಣೆ ವ್ಯಾಪಾರಿಗಳನ್ನು ಹಿಡಿದುಕೊಂಡಿದ್ದ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಜಿಲ್ಲೆಯ ಐವರು ವ್ಯಾಪಾರಿಗಳಿಗೂ ಫೋನು ಮಾಡುವನು, ದರಗಳನ್ನು ಐದು ಬಣ್ಣದ ಪೆನ್ಸಿಲಿನಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಬರೆಯುವನು. ಎರಡನೇ ವಾರಕ್ಕೆ ವ್ಯಾಪಾರಿಗಳು ಪಳಗಿದರು. ಇವನು "ಹಲೋ" ಅನ್ನುವ ಮೊದಲೇ "ನಿನ್ನೆಯದೇ ಆರಿನ್, ಮೂರು ನಲವತ್ತೊಂಬತ್ತು" ಎಂದು ಇಟ್ಟುಬಿಡುತ್ತಿದ್ದರು.

ಆರನೆಯವನೊಬ್ಬನಿದ್ದ, ಲೂಡ್ಜರ್. ಒಬ್ಬನೇ ಮಾಲೀಕ, ಒಬ್ಬನೇ ಚಾಲಕ, ಒಂದೇ ಲಾರಿ. ಬಾಯ್ಲರು ಕೆಟ್ಟರೆ ರಿಪೇರಿಗೂ ಅವನೇ. ಹನ್ನೊಂದು ವರ್ಷದ ಹಿಂದೆ ಆ ಲಾರಿಯ ಹಿಂದಿನ ಚಕ್ರ ಆರಿನ್ನನ ರುಬಾರ್ಬ್ ದಂಟಿನ ಪಾತಿಯ ಮೇಲೆ ಹತ್ತಿತ್ತು. ಅಂದಿನಿಂದ ಆರಿನ್ನನ ಪಾಲಿಗೆ ಲೂಡ್ಜರ್ ಸತ್ತಂತೆ. ದರದ ಹಾಳೆಯಲ್ಲಿ ಅವನಿಗೆ ಬಣ್ಣವೂ ಇಲ್ಲ, ಸಾಲೂ ಇಲ್ಲ.

ಘೋಷಣೆ ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಮಂಗಳವಾರ ಮತ್ತು ಶುಕ್ರವಾರ ಕಾಫಿ ಅಂಗಡಿಗೆ ಹೋಗುವುದು ಅವನ ರೂಢಿ. ಅಲ್ಲಿ ಪಕ್ಕದ ಮನೆಯ ಮರ್ಟನ್ ಕೆಣಕಿದ.

"ಹೋದ ಜನವರಿಯಲ್ಲೂ ದರ ಇಳೀಲಿ ಅಂತ ಕಾದೆ. ಟ್ಯಾಂಕು ಒಣಗಿ, ನಲ್ಲಿ ಹೆಪ್ಪುಗಟ್ಟಿ, ಸ್ನಾನದ ಮನೆ ಬೇಸಿನ್ನು ಬಿರುಕು ಬಿಡ್ತು. ಗ್ಲೆನಿಸ್ ನಾಲ್ಕು ದಿನ ನಮ್ಮನೇಲಿ ಇದ್ದಳು. ಮರ್ತುಹೋಯ್ತಾ?"

"ಅದು ಅನುಭವ ಕಣೋ. ಈ ಸಲ ವಿಜ್ಞಾನ. ಮಾರ್ಚಿನ ಊರ ಸಭೆ ತನಕ ಈಗಿರೋ ಒಂದೇ ಟ್ಯಾಂಕಲ್ಲಿ ಕಳೀತೀನಿ. ಅದಕ್ಕೂ ಮುಂಚೆ ನಮ್ಮನೆಗೆ ಎಣ್ಣೆ ಬಂದರೆ, ಸಭೆ ದಿನ ರೈತ ಸಂಘದವರು ಹಾಕೋ ಬೀನ್ಸ್ ಊಟದ ಮಡಕೆ ಅಷ್ಟೂ ನಾನೇ ತಿಕ್ತೀನಿ."

ಅಂಗಡಿಯಲ್ಲಿದ್ದವರೆಲ್ಲ ಕುರ್ಚಿ ತಿರುಗಿಸಿ ಕೂತರು. ಇಡೀ ರಾತ್ರಿ ಒಲೆಯಲ್ಲಿ ಕೂತ ಬೀನ್ಸ್ ಕಾಳಿನ ಮಡಕೆಯ ತಳದಲ್ಲಿ ಅದಕ್ಕೆ ಹಾಕಿದ ಕಾಕಂಬಿ ಹೇಗೆ ಕಚ್ಚಿಕೊಂಡಿರುತ್ತದೆಂದು ಬಲ್ಲವರು ಅವರೆಲ್ಲ. ಅಂಥ ಇಪ್ಪತ್ತೆರಡು ಮಡಕೆ. ಸಂಘದ ಕಾರ್ಯದರ್ಶಿ ಆಗಲೇ ಎದ್ದು ಬಂದು, ಗೆದ್ದರೆ ಆ ಊಟದ ದಿನವೇ ಆರಿನ್ ಎಣ್ಣೆ ಉಳಿಸುವ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಗೊತ್ತುಮಾಡಿದ. ಆರಿನ್ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದ.

ವಿಜ್ಞಾನ ಶುರುವಾಯಿತು. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿತು. ಅಡಿಪಾಯದ ಸುತ್ತ ಫರ್ ಮರದ ಕೊಂಬೆಗಳ ಕೋಟೆ ಎದ್ದಿತು. ಬಾಯ್ಲರಿನ ಬಿಸಿಯನ್ನು ಹತೋಟಿಯಲ್ಲಿಡುವ ನಡುಮನೆಯ ಗೋಡೆ ಡಬ್ಬಿ, ಥರ್ಮೋಸ್ಟಾಟನ್ನು, ಆರಿನ್ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿದ. ಅಂದರೆ ಬೆಣ್ಣೆಯೊಳಗೆ ಚಾಕು ಇಳಿಯದಷ್ಟು ತಂಪು. ಇಳಿಸಿ, ಮುಳ್ಳು ಅಲ್ಲಾಡದಂತೆ ಟೇಪು ಸುತ್ತಿದ. ಮೈಮೇಲೆ ಮೂರು ಸ್ವೆಟರು ಏರಿಸಿದ.

ಒಂದೇ ಒಂದು ತೊಡಕು ಅವನ ಮಂಡಿ. ನೆಲಮಾಳಿಗೆಯ ಕಡಿದಾದ ಮೆಟ್ಟಿಲು ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿ ಉಪ್ಪಿನಕಾಯಿ ಜಾಡಿ ತರಲು ಇಳಿದಾಗಲೆಲ್ಲ ಟ್ಯಾಂಕಿನ ಮೇಲೆ ಎಣ್ಣೆಯ ಮಟ್ಟ ತೋರಿಸುವ ಕೆಂಪು ಗುಂಡಿ ಎಲ್ಲಿ ನಿಂತಿದೆಯೆಂದು ಗ್ಲೆನಿಸ್ ನೋಡಿ ಹೇಳಬೇಕಿತ್ತು.

"ಎಷ್ಟಿದೆ?"

"ಮುಕ್ಕಾಲು. ಒಂದು ಕೂದಲೆಳೆ ಕಮ್ಮಿ."

ಜನವರಿಯಲ್ಲಿ ಕೇಳಿದರೆ, "ಅರ್ಧದ ಮೇಲೆ." ಫೆಬ್ರವರಿಯಲ್ಲಿ, "ಅರ್ಧ ಅಂತ್ಲೇ ಬರ್ಕೋ."

ಆರಿನ್ ಬರೆದುಕೊಂಡ. ಬರೆದುಕೊಂಡದ್ದನ್ನು ಕಂಡು ಅವನಿಗೇ ಮೈ ಜುಮ್ಮೆಂದಿತು. ಊರಿನ ಬೇರೆ ಟ್ಯಾಂಕುಗಳೆಲ್ಲ ಕ್ರಿಸ್ಮಸ್ಸಿಗೇ ತಳ ಕಂಡಿದ್ದವು. ಅದಕ್ಕಿಂತ ದೊಡ್ಡ ಪವಾಡ ಅವನ ದೇಹದ್ದು. ಐವತ್ತೆಂಟು ಡಿಗ್ರಿಯಲ್ಲಿ ಕೂತು ಅವನು ಬೆವರುತ್ತಿದ್ದ!

"ನೋಡಿದ್ಯಾ ಗ್ಲೆನಿಸ್, ಶರೀರ ಹೇಗೆ ಪಳಗುತ್ತೆ? ನನ್ನ ರಕ್ತಾನೇ ಬಾಯ್ಲರು ಆಗಿಬಿಟ್ಟಿದೆ."

"ಒಂದು ಸ್ವೆಟರು ತೆಗಿ."

"ಶಿಸ್ತು ತಪ್ಪಬಾರದು."

ಗ್ಲೆನಿಸ್ ಕೌದಿ ಹೊಲಿಯುವವಳು. ಹೋದ ಚಳಿಗಾಲ ಸೂಜಿ ಹಿಡಿಯಲು ಬೆರಳು ಮಡಿಸಲಾಗದೆ ಒಂದು ಕೌದಿಯೂ ಮುಗಿದಿರಲಿಲ್ಲ. ಈ ಸಲ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕನೆಯದನ್ನು ಹೊಲಿಯುತ್ತಿದ್ದಳು. ಆರಿನ್ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ನೆಲದ ಮೇಲೆಲ್ಲ ಗುಂಡುಸೂಜಿ ಬಿದ್ದಿವೆ ಎಂದು ಅವಳು ಜುಲೈನಲ್ಲೇ ಎಚ್ಚರಿಸಿದ್ದಳು.

ಜನವರಿಯ ಒಂದು ಶುಕ್ರವಾರ ಕಾಫಿ ಮುಗಿಸಿ ಬಂದ ಆರಿನ್ ಮನೆಯ ಉತ್ತರ ಮಗ್ಗುಲಲ್ಲಿ ಗಕ್ಕನೆ ನಿಂತ. ಹೊಸ ಹಿಮದ ಮೇಲೆ ಒಂದು ಉದ್ದನೆಯ ಜಾಡು. ಮೊಳದಗಲ, ನುಣ್ಣಗೆ, ಹಾವಿನ ಹಾಗೆ ಬಳುಕಿಕೊಂಡು ರಸ್ತೆಯಿಂದ ಬಂದು, ಗೋಡೆಯಿಂದ ಹೊರಚಾಚಿದ ಎಣ್ಣೆ ತುಂಬುವ ಕೊಳವೆಯ ಬುಡಕ್ಕೆ ಮುಟ್ಟಿ, ಮತ್ತೆ ರಸ್ತೆಗೇ ಹೋಗಿತ್ತು. ಹೆಜ್ಜೆ ಗುರುತು ಒಂದೂ ಇಲ್ಲ.

ಆ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಹೊಳೆಯುವುದು ಅದೇ. ಹಿಮದಲ್ಲಿ ಹೊಟ್ಟೆ ಮೇಲೆ ಜಾರುತ್ತ ಹೋಗುವ ಪ್ರಾಣಿ ಒಂದೇ.

"ಗ್ಲೆನಿಸ್, ನಮ್ಮನೆಗೆ ನೀರುನಾಯಿ ಬಂದಿತ್ತು."

ಗ್ಲೆನಿಸ್ ಬಾಗಿಲ ಹಿಂದೆ ಪೊರಕೆ ಒರಗಿಸುತ್ತಿದ್ದಳು. ಪೊರಕೆಗೆ ಹಿಮ ಮೆತ್ತಿತ್ತು.

"ಓ. ಯಾಕೆ ಬಂತೋ?"

"ಬೆಚ್ಚಗಿರುತ್ತೆ ಅಂತ ಬಂದಿರಬೇಕು."

"ಐವತ್ತೆಂಟು ಡಿಗ್ರಿ ಮನೆಗಾ? ಪಾಪ, ನಿನ್ನ ನೋಡಿ ಕನಿಕರಪಟ್ಟು ಬಂದಿರುತ್ತೆ."

ಎರಡು ವಾರ ಕಳೆದು, ಶುಕ್ರವಾರವೇ, ಮತ್ತೆ ಜಾಡು. ಮತ್ತೆರಡು ವಾರಕ್ಕೆ ಆರಿನ್ ಸಿದ್ಧನಾಗಿದ್ದ. ಕಾಫಿಗೆ ಹೊರಡುವ ಮುಂಚೆ ಕೊಳವೆಯ ಕೆಳಗೆ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಸಾಸಿವೆ ರಸದಲ್ಲಿ ಅದ್ದಿದ ಸಾರ್ಡೀನ್ ಮೀನಿನ ಡಬ್ಬಿಯೊಂದನ್ನು ತೆರೆದಿಟ್ಟ. ಗ್ಲೆನಿಸ್‌ಗೆ ಹೇಳಲಿಲ್ಲ. ಹೇಳಿದ್ದರೆ ಮೀನು ದಂಡ ಎನ್ನುತ್ತಿದ್ದಳು.

ಬಂದು ನೋಡಿದರೆ ಡಬ್ಬಿ ಖಾಲಿ. ರಸವನ್ನೂ ಬಿಡದೆ ಒರೆಸಿ ತಿಂದಿತ್ತು. ಸಾಲದ್ದಕ್ಕೆ ಕೈಗೆ ತಾಗದ ಹಾಗೆ ತಗಡಿನ ಮುಚ್ಚಳವನ್ನು ಮಡಚಿ ಡಬ್ಬಿಯೊಳಗೇ ಇಟ್ಟು ಹೋಗಿತ್ತು. ಆರಿನ್ನನಿಗೆ ಕಣ್ಣು ತುಂಬಿ ಬಂತು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಇಷ್ಟು ಶಿಸ್ತಿನ ಮಗುವನ್ನು ಕಂಡಿರಲಿಲ್ಲ.

ಮಂಗಳವಾರ ಕಾಫಿ ಅಂಗಡಿಯಲ್ಲಿ ಇದನ್ನು ಹೇಳಿದಾಗ ಮರ್ಟನ್ ಕಪ್ಪಿನೊಳಗೆ ಮುಖ ಹುದುಗಿಸಿಕೊಂಡ. ಮೂಲೆಯ ಮೇಜಿನಲ್ಲಿದ್ದ ಲೂಡ್ಜರ್ ಯಾಕೋ ಬಿಲ್ಲು ಕೊಟ್ಟು ಬೇಗನೆ ಎದ್ದುಹೋದ. ಆರಿನ್ ಅತ್ತ ನೋಡಲಿಲ್ಲ, ಅವನ ಪಾಲಿಗೆ ಆ ಕುರ್ಚಿ ಖಾಲಿಯೇ.

"ಶುಕ್ರವಾರವೇ ಬರುತ್ತೆ, ಮೀನೇ ತಿನ್ನುತ್ತೆ" ಎಂದ ಮರ್ಟನ್, ಗಂಟಲು ಸರಿಮಾಡಿಕೊಂಡು. "ಶುಕ್ರವಾರ ಮಾಂಸ ಬಿಡೋ ಉಪವಾಸದ ತಿಂಗಳು ಬೇರೆ. ಕ್ಯಾಥೊಲಿಕ್ ನೀರುನಾಯಿ ಇರಬೇಕು ಮಾರಾಯ."

"ನೀನು ನಗು. ನಾನು ಫೋಟೋ ಹಿಡೀತೀನಿ. ನಿನ್ನ ಜಿಂಕೆ ಬೇಟೆ ಕ್ಯಾಮೆರಾ ಕೊಡ್ತೀಯಾ? ಎದುರಿಗೆ ಏನು ಹಾದುಹೋದರೂ ತಾನೇ ಹೊಡ್ಕೊಳ್ಳುತ್ತಲ್ಲ, ಅದು."

"ಕೊಡ್ತೀನಿ. ಮರಕ್ಕೆ ಕಟ್ಟಿಯೂ ಕೊಡ್ತೀನಿ. ಬ್ಯಾಟರಿ ನಂದೇ." ಇಷ್ಟು ಉದಾರವಾಗಿ ಮರ್ಟನ್ ತನ್ನ ಮದುವೆಯಲ್ಲೂ ನಡೆದುಕೊಂಡಿರಲಿಲ್ಲ. "ಒಂದು ಮಾತು. ಫೋಟೋನ ಮೊದಲೇ ನೋಡಬೇಡ. ಮುಂದಿನ ವಾರ ಶನಿವಾರ, ಊರ ಸಭೆ ಊಟದ ದಿನ ನಿನ್ನ ಭಾಷಣ ಆಗುತ್ತಲ್ಲ, ಆಗ ಪರದೆ ಮೇಲೆ ಎಲ್ಲರ ಜೊತೆ ನೋಡೋಣ. ಗ್ಲೆನಿಸ್‌ಗೂ ಹೇಳ್ಬೇಡ. ಅಲ್ಲೇ ನೋಡಿ ಖುಷಿಪಡ್ತಾಳೆ."

ಆ ಶನಿವಾರ ಸಂಜೆ ರೈತ ಸಂಘದ ಸಭಾಂಗಣ ತುಂಬಿತ್ತು. ಬೀನ್ಸು, ಕಂದು ಬ್ರೆಡ್ಡು, ಎಲೆಕೋಸಿನ ಪಲ್ಯ ಎಲ್ಲ ಖಾಲಿಯಾಗಿ ಜನ ಕೊನೆಯ ಸಿಹಿ ಪೈ ತಿನ್ನುವ ಹೊತ್ತಿಗೆ ಆರಿನ್ ಎದ್ದು ನಿಂತ. ಫ್ರಿಜ್ಜಿನ ಹಾಳೆಯನ್ನು ಗೋಡೆಗೆ ತೂಗುಹಾಕಿದ. ಮೂರು ನಲವತ್ತೊಂಬತ್ತು, ಮೂರು ಐವತ್ತೈದು, ಮೂರು ಅರವತ್ತೆರಡು. ಐದೂ ಬಣ್ಣ ಬೆಟ್ಟ ಹತ್ತುತ್ತಿದ್ದವು.

"ನೀವೆಲ್ಲ ಈ ದರ ತೆತ್ತಿದ್ದೀರಿ. ನಾನು ತೆತ್ತಿಲ್ಲ. ಯಾಕೆ? ಸಂಯಮ" ಎಂದು ಶುರುಮಾಡಿ ಫರ್ ಕೊಂಬೆಯಿಂದ ರಕ್ತ ಪಳಗುವವರೆಗೂ ಹೇಳಿದ. ಮೂರು ಸ್ವೆಟರನ್ನೂ ಎಣಿಸಿ ತೋರಿಸಿದ. ಕೊನೆಗೆ, "ಇಂಥ ಮನೆಯನ್ನ ಕಾಡುಪ್ರಾಣಿ ಕೂಡ ಗುರುತಿಸುತ್ತೆ. ಮರ್ಟನ್, ತೋರಿಸು" ಎಂದ.

ಪರದೆಯ ಮೇಲೆ ಮೊದಲು ಆರಿನ್ನನ ಹಿಂಭಾಗ ಮೂಡಿತು, ಬಕೆಟ್ಟಿನ ಮೇಲೆ ಡಬ್ಬಿ ಇಡಲು ಬಾಗಿದ್ದು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮರ್ಟನ್ನನ ಬೆಕ್ಕು.

ಮೂರನೆಯದರಲ್ಲಿ ಲೂಡ್ಜರ್. ಎಣ್ಣೆ ಲಾರಿಯ ದಪ್ಪ ಪೈಪನ್ನು ಹೆಗಲಿಗೆ ಹಾಕಿಕೊಂಡು ಮಂಡಿಯುದ್ದದ ಹಿಮದಲ್ಲಿ ಎಳೆದು ತರುತ್ತಿದ್ದಾನೆ.

ನಾಲ್ಕನೆಯದರಲ್ಲಿ ಪೈಪು ಕೊಳವೆಯ ಬಾಯಲ್ಲಿ. ಟ್ಯಾಂಕು ತುಂಬುವ ತನಕ ಕೇಳುವ ಸಿಳ್ಳಿಗೆ ಕಿವಿಗೊಟ್ಟು ಲೂಡ್ಜರ್ ಬೋರಲು ಬಕೆಟ್ಟಿನ ಮೇಲೆ ಕೂತು ಸಾರ್ಡೀನ್ ತಿನ್ನುತ್ತಿದ್ದಾನೆ. ಪಕ್ಕದಲ್ಲಿ ಗ್ಲೆನಿಸ್ ಕಾಫಿ ಹಿಡಿದು ನಿಂತಿದ್ದಾಳೆ.

ಐದನೆಯದರಲ್ಲಿ ಲಾರಿ ಇಲ್ಲ. ಗ್ಲೆನಿಸ್ ಹಿಂದುಹಿಂದಕ್ಕೆ ನಡೆಯುತ್ತ ಪೊರಕೆಯಿಂದ ಹೆಜ್ಜೆ ಗುರುತುಗಳನ್ನು ಗುಡಿಸುತ್ತಿದ್ದಾಳೆ. ಅವಳ ಮುಂದೆ, ಮೊಳದಗಲ, ನುಣ್ಣನೆಯ ಜಾಡು.

ಆರಿನ್ ಪರದೆ ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಪರದೆ ನೋಡಿದ.

ಮರ್ಟನ್ ಕೈ ಎತ್ತಿದ, ಶಾಲೆಯ ಮಗುವಿನ ಹಾಗೆ. "ಒಂದು ಪ್ರಶ್ನೆ. ಈ ನೀರುನಾಯಿ ಗ್ಯಾಲನ್ನಿಗೆ ಎಷ್ಟು ತಗೊಳ್ಳುತ್ತೆ?"

ಉತ್ತರ ಹಿಂದಿನ ಸಾಲಿನಿಂದ ಬಂತು. ಗ್ಲೆನಿಸ್ ಎದ್ದು ನಿಂತಿದ್ದಳು.

"ಎರಡು ಎಂಬತ್ತೊಂಬತ್ತು. ಜುಲೈನಲ್ಲೇ ಇಡೀ ಚಳಿಗಾಲಕ್ಕೂ ಆ ದರ ಗೊತ್ತುಮಾಡಿ ದುಡ್ಡು ಕಟ್ಟಿದ್ದೆ. ಕೌದಿ ಮಾರಿದ ದುಡ್ಡು. ಇವನು ಆವತ್ತು ಮೀನು ಹಿಡಿಯೋಕೆ ಹೋಗಿದ್ದ." ಗಂಡನತ್ತ ಕೈ ತೋರಿ ಹೇಳಿದಳು, "ಮೂರು ಡಾಲರಿನ ಮೇಲೆ ಒಂದು ಸೆಂಟೂ ಆಗಬಾರದು ಅಂದಿದ್ದ. ಆಗಿಲ್ಲ."

ಆಮೇಲೆ ಎದ್ದ ನಗು ಸಭಾಂಗಣದ ಛಾವಣಿಯ ಹಿಮವನ್ನು ಇಳಿಸಿತೆಂದು ಹೇಳುವವರಿದ್ದಾರೆ. ಅರ್ಧ ಜನ ದರದ ಹಾಳೆಯ ಖಾಲಿ ಅಂಚನ್ನೇ ಹರಿದು ಲೂಡ್ಜರನ ಫೋನ್ ನಂಬರು ಬರೆದುಕೊಂಡರು. ಇನ್ನರ್ಧ ಜನ ಮಡಕೆಗಳನ್ನು ತಂದು ಆರಿನ್ನನ ಮುಂದೆ ಸಾಲಾಗಿ ಇಟ್ಟರು.

ಇಪ್ಪತ್ತೆರಡನೆಯ ಮಡಕೆ ಒರೆಸಿಟ್ಟು ಅವನು ಕಾರಿಗೆ ಬಂದಾಗ ಗ್ಲೆನಿಸ್ ಎಂಜಿನ್ನು ಬಿಸಿಮಾಡಿಕೊಂಡು ಕೂತಿದ್ದಳು. ಕಾರು ಹೊರಟಿತು.

"ಮೀನಿನ ಡಬ್ಬಿ ನೋಡಿಯೂ ಸುಮ್ಮನಿದ್ದೆಯಲ್ಲ" ಎಂದ ಆರಿನ್.

"ಅದು ಲೂಡ್ಜರ್ ಮನೆಯಿಂದ ತಂದಿರೋ ಊಟ ಅಂದ್ಕೊಂಡಿದ್ದೆ ಕಣೋ. ಸತ್ಯವಾಗ್ಲೂ."

"ಅವನು?"

"ಮೊದಲನೇ ಸಲ ನಾನು ಇಟ್ಟಿದ್ದು ಅಂದ್ಕೊಂಡಿದ್ದನಂತೆ. ಆಮೇಲೆ ಗೊತ್ತಾದ್ರೂ ರುಚಿಗೆ ಸೋತನಂತೆ."

ಆರಿನ್ ಒಳಗಿನ ಸ್ವೆಟರಿನ ಕುತ್ತಿಗೆ ಸಡಿಲಿಸಿಕೊಂಡ.

"ಹೋಗಲಿ. ಐವತ್ತೆಂಟು ಡಿಗ್ರೀಲಿ ಬದುಕಿದ್ದಂತೂ ನಿಜ ತಾನೇ? ನನ್ನ ಶರೀರ ಪಳಗಿದ್ದು?"

ಗ್ಲೆನಿಸ್ ರಸ್ತೆಯ ಮೇಲಿನ ಕಣ್ಣು ಕೀಳಲಿಲ್ಲ.

"ಆ ಗೋಡೆ ಡಬ್ಬಿಗೆ ವೈರೇ ಇಲ್ಲ ಆರಿನ್. ಜುಲೈನಲ್ಲೇ ಲೂಡ್ಜರ್ ಬಂದು ಹೊಸದನ್ನ ನನ್ನ ಕೌದಿ ಕೋಣೇಲಿ ಹಾಕಿಕೊಟ್ಟ. ಮನೆ ಎಪ್ಪತ್ತರ ಮೇಲೇ ಇತ್ತು, ಇಡೀ ಚಳಿಗಾಲ."

ಮನೆ ಸೇರಿದ ಮೇಲೆ ಆರಿನ್ ಮೂರು ಸ್ವೆಟರನ್ನೂ ಬಿಚ್ಚಿ ಮಡಚಿ ಕಪಾಟಿನಲ್ಲಿಟ್ಟ. ಆಮೇಲೆ ಟೇಪು ಸುತ್ತಿದ ಡಬ್ಬಿಯ ಮುಂದೆ ಕೊಂಚ ಹೊತ್ತು ನಿಂತ, ತೀರಿಹೋದ ನೆಂಟನ ಫೋಟೋದ ಮುಂದೆ ನಿಂತ ಹಾಗೆ.

ಎರಡು ವಾರದ ಮೇಲೆ ಶುಕ್ರವಾರ ಬಂತು. ಆರಿನ್ ಕಾಫಿಗೆ ಹೋಗಲಿಲ್ಲ. ರಸ್ತೆಯಿಂದ ಎಣ್ಣೆ ಕೊಳವೆಯ ತನಕ ಸಲಿಕೆಯಿಂದ ದಾರಿ ಮಾಡಿ, ರುಬಾರ್ಬ್ ಪಾತಿಯ ನಾಲ್ಕು ಮೂಲೆಗೂ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ. ಲಾರಿ ಬಂತು. ಲೂಡ್ಜರ್ ಇಳಿದು ಪೈಪು ಎಳೆದ. ಆರಿನ್ ಹಿಂದಿನಿಂದ ಅದನ್ನು ಎತ್ತಿ ಹಿಡಿದುಕೊಟ್ಟ. ಹನ್ನೊಂದು ವರ್ಷದಿಂದ ಸತ್ತಿದ್ದವನ ಜೊತೆ ಏನು ಮಾತಾಡುವುದೆಂದು ಅವನಿಗೆ ತೋಚಲಿಲ್ಲ. ಕೊಳವೆ ಸಿಳ್ಳು ಹಾಕತೊಡಗಿತು. ಇಬ್ಬರೂ ತಲೆ ವಾಲಿಸಿ ಕೇಳುತ್ತ ನಿಂತರು.

ಲೂಡ್ಜರ್ ಬೋರಲು ಬಕೆಟ್ಟನ್ನು ನೋಡಿದ. ಅದರ ಸುತ್ತಲೂ ನೋಡಿದ. ಸಂಕೋಚದಿಂದ ಟೋಪಿ ಸರಿಮಾಡಿಕೊಂಡ.

"ಇವತ್ತು ಸಾರ್ಡೀನ್ ಇಟ್ಟಿಲ್ವಾ, ಆರಿನ್? ಸಾಸಿವೇದು ಚೆನ್ನಾಗಿತ್ತು."

ಆರಿನ್ ಒಳಗೆ ಹೋಗಿ ಡಬ್ಬಿ ತಂದ. ಮುಚ್ಚಳ ತಾನೇ ತೆಗೆದುಕೊಟ್ಟ.